ಒಂದಕ್ಷರ ತಪ್ಪಿದ ಭೌತಶಾಸ್ತ್ರ

ಪ್ರಶ್ನೆಪತ್ರಿಕೆಯಲ್ಲಿ ಒಂದಕ್ಷರ ಆಚೀಚೆ ಆಗುವುದು ನಮ್ಮ ಕಾಲೇಜಿನಲ್ಲಿ ಹೊಸದೇನಲ್ಲ. ನಾನು ದಾವಣಗೆರೆಯ ಸರಸ್ವತಿ ನಗರದವನು. ದಿನಾ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತೇನೆ. ತಪ್ಪು ಪ್ರಶ್ನೆಗೆ ಮಕ್ಕಳು ಉತ್ತರ ಬಿಟ್ಟುಬಿಟ್ಟರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಮಕ್ಕಳು ಬಿಡುವವರಲ್ಲ.

ಕುದಿಯುವ ಬಿಂದು

ಒಂದು ಕಿರುಪರೀಕ್ಷೆಗೆ ‘ನೀರು ಕುದಿಯುವ ಬಿಂದು ಯಾವುದು? ಒತ್ತಡಕ್ಕೂ ಅದಕ್ಕೂ ಏನು ಸಂಬಂಧ?’ ಎಂದು ಬರೆದುಕೊಟ್ಟಿದ್ದೆ. ಅಚ್ಚಾಗಿ ಬಂದದ್ದು ‘ನೀವು ಕುದಿಯುವ ಬಿಂದು ಯಾವುದು?’

ಹಿಂದಿನ ಬೆಂಚಿನ ಒಬ್ಬ ಹುಡುಗ ಗಂಭೀರವಾಗಿ ಬರೆದಿದ್ದ: ‘ತಮ್ಮ ನನ್ನ ತಟ್ಟೆಯ ದೋಸೆಗೆ ಕೈ ಹಾಕಿದರೆ ನಾನು ದೇಹದ ಸಾಮಾನ್ಯ ಉಷ್ಣತೆಯಲ್ಲೇ ಕುದಿಯುತ್ತೇನೆ. ಒತ್ತಡ ಹೆಚ್ಚಾದರೆ ಕುದಿಯುವ ಬಿಂದುವೂ ಮೇಲಕ್ಕೇರುತ್ತದೆ. ಆದ್ದರಿಂದ ಅಪ್ಪ ಎದುರಿಗೆ ಕೂತಿದ್ದರೆ ನಾನು ಕುದಿಯುವುದೇ ಇಲ್ಲ.’

ನಿಯಮ ಸರಿಯಾಗಿಯೇ ಇದೆ. ಅಂಕ ಕೊಡಬೇಕೋ ಬೇಡವೋ ತಿಳಿಯದೆ ಪ್ರಾಂಶುಪಾಲರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

“ಪೂರ್ತಿ ಕೊಡ್ರಿ. ಮ್ಯಾಲಿನ ಸಾಹೇಬ್ರು ತಪಾಸಣೆಗೆ ಬಂದಾಗ ನಾನೂ ಕುದಿಯಲ್ಲ.”

ಅಕ್ಷರ ಪರೀಕ್ಷೆ

ಹೀಗಾದರೆ ಹೇಗೆಂದು ಪ್ರಶ್ನೆಪತ್ರಿಕೆ ಅಚ್ಚು ಮಾಡಿಕೊಡುವ ಪಿ.ಜೆ. ಬಡಾವಣೆಯ ಟೈಪಿಂಗ್ ಅಂಗಡಿಗೆ ಜಗಳಕ್ಕೇ ಹೋದೆ. ಅಂಗಡಿಯ ಸಾಹೇಬರು ಕುರ್ಚಿ ಎಳೆದು ಹಾಕಿದರು.

“ಕೂಡ್ರಿ ಸರ್, ಗುಸ್ಸಾ ಬ್ಯಾಡ್ರಿ. ನಿಮ್ಮ ಅಕ್ಷರ ನೀವೇ ನೋಡ್ರಿ. ಇದು ರು ಐತೋ, ವು ಐತೋ?”

ನೋಡಿದೆ. ನನಗೂ ಗೊತ್ತಾಗಲಿಲ್ಲ.

“ಮತ್ತೆ ಇಷ್ಟು ದಿನ ಹೆಂಗೆ ಓದಿದ್ರಿ?” ಎಂದೆ.

“ನಾನೆಲ್ಲಿ ಓದ್ದೆ ಸರ್? ಪಕ್ಕದ ಮೆಡಿಕಲ್ ಶಾಪಿನೋರು ಓದಿ ಹೇಳ್ತಿದ್ರು. ಅವತ್ತು ಅವ್ರು ರಜಾ.”

ತಾಳಿಯ ಒತ್ತಡ

ಆಮೇಲೆ ದುಂಡಗೆ ಬರೆಯಲು ಶುರುಮಾಡಿದೆ. ಆದರೂ ‘ಗಾಳಿಯ ಒತ್ತಡವನ್ನು ವಿವರಿಸಿ, ಏಕಮಾನ ತಿಳಿಸಿ’ ಎಂಬ ಪ್ರಶ್ನೆ ‘ತಾಳಿಯ ಒತ್ತಡ’ ಆಗಿ ಬಂತು.

ಕಡರನಾಯಕನಹಳ್ಳಿಯಿಂದ ಬರುವ, ಎರಡನೇ ಪಿಯುಸಿಯ ಒಬ್ಬ ಹುಡುಗಿ ಒಂದು ಪುಟ ಬರೆದಿದ್ದಳು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ.

‘ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸುವುದು. ತಾಳಿಯ ತೂಕ ಕಡಿಮೆ. ಆದರೆ ಅದರ ಹಿಂದೆ ಅಪ್ಪ, ಸೋದರಮಾವ, ಅತ್ತೆ ಎಲ್ಲರ ಬಲ ಇರುತ್ತದೆ. ಬಲ ಬೀಳುವ ವಿಸ್ತೀರ್ಣ ಒಂದೇ ಕೊರಳು. ಹೀಗಾಗಿ ಒತ್ತಡ ಬಹಳ. ಇದರ ಏಕಮಾನ ಅಜ್ಜಿ. ಸಾಮಾನ್ಯ ದಿನ ಒತ್ತಡ ಒಂದು ಅಜ್ಜಿಯಷ್ಟು. ನೆಂಟರ ಮದುವೆಗೆ ಹೋಗಿ ಬಂದ ದಿನ ನಾಲ್ಕು ಅಜ್ಜಿಯಷ್ಟು.’

ನಕ್ಕೆ. ಮತ್ತೆ ಓದಿದಾಗ ನಗು ಬರಲಿಲ್ಲ. ಅವಳನ್ನು ಕರೆದು ಕೇಳಿದೆ.

“ಬರೋ ವಾರ ಹುಡುಗನ ಕಡೆಯೋರು ಬರ್ತಾರ್ರಿ ಸರ್. ಪರೀಕ್ಷೆ ಮುಗಿದ ಕೂಡ್ಲೇ ಲಗ್ನ ಅಂತಾರೆ. ನನಗೆ ಬಿಎಸ್ಸಿ ಓದ್ಬೇಕಂತ ಐತ್ರಿ.” ಕಣ್ಣು ತುಂಬಿಕೊಂಡಿತ್ತು.

“ಈ ಉತ್ತರ ನಿಮ್ಮಪ್ಪಗೆ ತೋರಿಸ್ಲಾ?”

ಕಣ್ಣೊರೆಸಿಕೊಂಡಳು. ಆಮೇಲೆ ಹೂಂ ಎಂದು ತಲೆಯಾಡಿಸಿದಳು.

ಮರುದಿನ ಅಪ್ಪ ಬಂದರು. ಜೊತೆಗೆ ಸಾಕ್ಷಾತ್ ಅಜ್ಜಿಯೂ ಬಂದರು! ಅಜ್ಜಿಗೆ ಓದು ಬರದು. “ಏನ್ ಬರ್ದಾಳೆ, ಗಟ್ಟಿಯಾಗಿ ಓದು” ಎಂದು ಮಗನಿಗೆ ಹೇಳಿದರು. ಅಪ್ಪ ಓದುತ್ತಾ ಹೋಗಿ ‘ಏಕಮಾನ’ದ ಹತ್ತಿರ ನಿಂತುಬಿಟ್ಟರು.

“ಯಾಕ ನಿಲ್ಸಿದಿ? ಓದು.”

ಓದಿದರು. ಮುಗಿಸಿ, ಸ್ಟಾಫ್ ರೂಮಿನ ಬಾಗಿಲ ಬಳಿ ನಿಂತಿದ್ದ ಮಗಳ ಕಡೆ ತಿರುಗಿದರು.

“ಇಷ್ಟು ಮನಸಿನಾಗ ಇಟ್ಕೊಂಡು ಮನೇಲಿ ಹೇಳ್ಬಾರ್ದಿತ್ತೇನವ್ವಾ?”

“ಮನೇಲಿ ಯಾರೂ ಕೇಳ್ಲಿಲ್ಲಪ್ಪ. ಪರೀಕ್ಷೇಲಿ ಕೇಳಿದ್ರು.”

ಅಪ್ಪ ಕಾಗದವನ್ನು ಮೇಜಿನ ಮೇಲಿಟ್ಟರು. ಆಮೇಲೆ ಫೋನ್ ತೆಗೆದು, “ಈಗ ಬರೋದು ಬ್ಯಾಡ್ರಿ. ಹುಡುಗಿ ಡಿಗ್ರಿ ಮಾಡ್ತಾಳಂತೆ” ಎಂದು ಅಲ್ಲೇ ಹುಡುಗನ ಕಡೆಯವರಿಗೆ ಹೇಳಿಬಿಟ್ಟರು. ಹುಡುಗಿ ಬಾಗಿಲ ಹಿಂದೆ ಮುಖ ಮುಚ್ಚಿಕೊಂಡಳು.

ಅಜ್ಜಿ ಮಾತ್ರ ನನ್ನನ್ನೇ ನೋಡುತ್ತಿದ್ದರು. ಈಗ ಮಂಗಳಾರತಿ ಗ್ಯಾರಂಟಿ ಅಂದುಕೊಂಡೆ.

“ಮಾಸ್ತರ, ಏಕಮಾನ ಅಂದ್ರೆ ಏನು?”

“ಅಳತೆ ಅಜ್ಜಿ. ಬಟ್ಟೆಗೆ ಮೀಟ್ರು, ಹಾಲಿಗೆ ಲೀಟ್ರು ಇದ್ದಂಗೆ,” ಎಂದೆ ಮೆತ್ತಗೆ. “ಹುಡುಗಿ ತಮಾಷೆಗೆ ನಿಮ್ಮನ್ನ ಬರ್ದಾಳೆ, ಬೇಜಾರಾಗಬ್ಯಾಡ್ರಿ. ನಿಜವಾಗಿ ಒತ್ತಡದ ಅಳತೆಗೆ ಪರದೇಶದ ಒಬ್ಬ ದೊಡ್ಡ ವಿಜ್ಞಾನಿ ಹೆಸರು ಇಟ್ಟಾರೆ.”

ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

“ಹೌದಾ? ಆತ ಎಷ್ಟು ಲಗ್ನ ಮಾಡ್ಸಿದ್ನಂತೆ?”