ದರ್ಬಾರಿನ ಹಗ್ಗ

ಹೆಸರುವಾಸಿಯಾದ ಚಿತ್ರಶಾಲೆಗಳಲ್ಲಿ ಸ್ಫೂರ್ತಿ ಉಳಿದಿರುವುದಿಲ್ಲ ಎಂಬುದು ನನ್ನ ಬಹುದಿನಗಳ ಸಿದ್ಧಾಂತ. ವರ್ಷವಿಡೀ ಜನ ಬಂದು, ಬಾಯಿ ತೆರೆದು ನೋಡಿ, ತಮಗೆ ಬೇಕಾದಷ್ಟು ಬಳಿದುಕೊಂಡು ಹೋದ ಮೇಲೆ ಕೊನೆಗೆ ಹೋದವನಿಗೆ ಸಿಗುವುದು ಮದುವೆಮನೆಯ ಮೂರನೆಯ ಪಂಕ್ತಿಯ ಪಾಯಸ, ಬರೀ ನೀರು. ಸ್ಫೂರ್ತಿ ಬೇಕಾದವನು ಯಾರೂ ಹೋಗದ ಚಿತ್ರಶಾಲೆಗೆ ಹೋಗಬೇಕು. ಈ ಸಿದ್ಧಾಂತವನ್ನು ಹೊಸನಗರದ ನಮ್ಮ ಕಚೇರಿಯಲ್ಲಿ ಮಂಡಿಸಿದಾಗ ಎಲ್ಲರೂ ತಲೆದೂಗಿದರು. ಮೈಸೂರಿಗೆ ಹೋಗಿಬರುವಷ್ಟು ರಜೆ ನನಗೆ ಉಳಿದಿಲ್ಲವೆಂಬುದು ಅವರಿಗೂ ಗೊತ್ತಿತ್ತು.

ಸ್ಫೂರ್ತಿಯ ಅಗತ್ಯ ಬಿದ್ದದ್ದು ಕಚೇರಿಯ ನಾಟಕದಿಂದ. ಬಿ.ಎ. ಓದುವಾಗ ನಾನು ಸಹಪಾಠಿಗಳ ಮುಖ ಬರೆದು ಇಬ್ಬರ ಸ್ನೇಹ ಕಳೆದುಕೊಂಡಿದ್ದೆ. ಆ ಕೀರ್ತಿ ಹೇಗೋ ಇಲ್ಲಿಯವರೆಗೆ ಬಂದು, ದರ್ಬಾರಿನ ಪರದೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಒಂದು ವಾರ ಕೂತು ಬರೆದೆ. ಅರಸನ ಪಾತ್ರ ವಹಿಸಲಿದ್ದ ಶಿರಸ್ತೇದಾರರು ಕನ್ನಡಕ ಏರಿಸಿ ನೋಡಿ, "ಏನ್ರೀ ಇದು? ಅರಮನೇನೋ, ನಮ್ಮ ರೆಕಾರ್ಡ್ ರೂಮೋ?" ಎಂದರು. ಎಂಟು ವರ್ಷದಿಂದ ನಾನು ನೋಡಿದ ಅತಿ ದೊಡ್ಡ ಕೋಣೆ ಅದೇ ಆಗಿತ್ತು. ಹೀಗಾಗಿ ಒಂದು ದಿನದ ರಜೆ ಹಾಕಿ ಸಾಗರದ ಬಸ್ಸು ಹತ್ತಿದೆ.

ಸಾಗರದಲ್ಲಿ ಒಂದು ಚಿತ್ರಶಾಲೆ ಇದೆಯೆಂದು ಸಾಗರದವರಿಗೇ ಗೊತ್ತಿರಲಿಲ್ಲ. ನಾಲ್ಕು ಜನರನ್ನು ಕೇಳಿದೆ. ಮೂವರು ಸಿನಿಮಾ ಟೆಂಟಿನ ದಾರಿ ತೋರಿಸಿದರು. ನಾಲ್ಕನೆಯವನು ನನಗೆ ಪರಿಚಯದವನೇ; ನಮ್ಮ ಹಿಂದಿನ ಬೀದಿಯ ಕೆರಿಯಪ್ಪ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೆಲಸ ಅವನದು. ಹೊಸ ಹಗ್ಗ ಕೊಳ್ಳಲು ಬಂದು, ಕೊಂಡ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಸಂಜೆಯ ಬಸ್ಸಿಗೆ ಕಾಯುತ್ತಿದ್ದ. ಸಂತೆಯ ದಾರಿಯಲ್ಲಿ ಪಟಗಳಿರುವ ಹಳೆಯ ಮನೆಯೊಂದಿದೆ ಎಂದು ಅವನೇ ಹೇಳಿದ. ಓದು ಬರಹವಿಲ್ಲದವನಿಗೂ ಕೊಂಚ ಕಲೆಯ ಗಾಳಿ ಬೀಸಲಿ ಎಂಬ ಔದಾರ್ಯದಿಂದ ಅವನನ್ನೂ ಜತೆಗೆ ಕರೆದುಕೊಂಡೆ. ಆ ಔದಾರ್ಯಕ್ಕೆ ನಾನು ಇಂದಿಗೂ ನನ್ನ ಬೆನ್ನು ತಟ್ಟಿಕೊಳ್ಳುತ್ತೇನೆ.

ಚಿತ್ರಶಾಲೆ ಎಂದರೆ ಯಾರೋ ವರ್ತಕರು ಊರಿಗೆ ಬಿಟ್ಟುಕೊಟ್ಟ ಹಳೆಯ ಮನೆಯ ಒಂದು ಎತ್ತರದ ಅಂಕಣ. ಅದನ್ನು ನೋಡಿಕೊಳ್ಳುತ್ತಿದ್ದವರು ಪದ್ಮಯ್ಯನವರೆಂಬ ನಿವೃತ್ತ ಮೇಷ್ಟ್ರು. ನಮ್ಮನ್ನು ಕಂಡದ್ದೇ ಅವರ ಮುಖ ಅರಳಿದ ರೀತಿ ನೋಡಿ ನನಗೆ ಅಳುಕಾಯಿತು. ನಮಗಿಂತ ಮುಂಚೆ ಬಂದವನು ಬಾಗಿಲಿಗೆ ಬಣ್ಣ ಬಳಿಯುವವನಂತೆ. ಅವನೂ ಮೇಷ್ಟ್ರ ವಿವರಣೆ ಅರ್ಧ ಕೇಳಿ ಹೋಗಿದ್ದನಂತೆ. ಒಳಗೆ ಗಂಧದ ಮರದ ಕೆತ್ತನೆಗಳು, ಮಾಸಿದ ಮುಖವಾಡಗಳು ಎಲ್ಲ ಇದ್ದವು. ನಡುಗೋಡೆಯ ಮೇಲೆ, ತೊಲೆಗೆ ಕಟ್ಟಿದ ಹಗ್ಗದಿಂದ ಇಳಿಬಿಟ್ಟ, ಸಾಗುವಾನಿ ಚೌಕಟ್ಟಿನ, ದಪ್ಪ ಗಾಜಿನ, ಬಾಗಿಲಿನಷ್ಟು ದೊಡ್ಡ ಚಿತ್ರ. ದರ್ಬಾರು! ಸರಿಯಾಗಿ ಅದರ ಕೆಳಗೆ ಪದ್ಮಯ್ಯನವರ ಕುರ್ಚಿ. ಅವರು ಕುರ್ಚಿಯಲ್ಲಿ ಆಸೀನರಾಗಿ, ಕಣ್ಣು ಮುಚ್ಚಿ, ಚಿತ್ರದ ಚರಿತ್ರೆಯನ್ನು ಮೊದಲಿನಿಂದ ಶುರುಮಾಡಿದರು.

ಇಲ್ಲಿ ನನ್ನದೊಂದು ದೌರ್ಬಲ್ಯ ಹೇಳಿಕೊಳ್ಳಬೇಕು. ಚಿತ್ರಶಾಲೆಯಲ್ಲಿ ಸುಮ್ಮನೆ ನಿಂತರೆ ಏನೂ ತಿಳಿಯದವನೆಂದುಕೊಂಡಾರು ಎಂಬ ಭಯ ನನಗೆ. ಅದಕ್ಕಾಗಿ ಹೊಸಿಲು ದಾಟಿದಾಗಿನಿಂದ "ಅಬ್ಬಬ್ಬಾ!" "ಅಯ್ಯಯ್ಯೋ, ಏನಿದು!" ಎಂದು ಉದ್ಗರಿಸುತ್ತಲೇ ಇದ್ದೆ. ಪ್ರತಿ ಉದ್ಗಾರಕ್ಕೂ ಪದ್ಮಯ್ಯನವರ ದನಿ ಒಂದು ಮೆಟ್ಟಿಲು ಏರುತ್ತಿತ್ತು.

ಕೆರಿಯಪ್ಪ ಚಿತ್ರವನ್ನು ನೋಡಲೇ ಇಲ್ಲ. ಬಂದಾಗಿನಿಂದ ಅವನ ಕತ್ತು ಮೇಲಕ್ಕೇ. ಕೊನೆಗೆ ನನ್ನ ಕಿವಿಯ ಹತ್ತಿರ ಬಂದು, "ಅಯ್ಯಾ, ಚಿತ್ರ ಏನೋ ಚೆನಾಗೈತೆ, ಹಗ್ಗ ಚೆನಾಗಿಲ್ಲ" ಎಂದ.

"ಸುಮ್ನಿರೋ" ಎಂದೆ, ಮರ್ಯಾದೆ ಹೋದವನಂತೆ.

ಪದ್ಮಯ್ಯನವರಿಗೆ ಕೇಳಿಸಿಬಿಟ್ಟಿತು. ಕಣ್ಣು ತೆರೆಯದೆಯೇ, "ಹಗ್ಗ ನೋಡೋದಾದ್ರೆ ಸಂತೇಗೆ ಹೋಗಪ್ಪ, ಇದು ಕಲಾಮಂದಿರ" ಎಂದರು.

"ಸಂತೆಯಿಂದ್ಲೇ ಬಂದೆ ಮೇಷ್ಟ್ರೇ. ಹತ್ತೋರು ನಾವು. ನಮ್ ಜೀವ ಇರಾದೇ ಹಗ್ಗದಾಗೆ. ಈ ಪಟದ ಹಗ್ಗದ ಎಳಿ ಇಲಿ ತಿಂದೈತೆ. ನೀವೊಂಚೂರು ಈಚೆ ಬನ್ನಿ."

"ಇನ್ನೇನು, ಅರಸರು ಸಿಂಹಾಸನ ಏರೋ ಭಾಗಕ್ಕೇ ಬಂದೆ" ಎಂದು ಪದ್ಮಯ್ಯನವರು ಮುಂದುವರಿಸಿದರು.

ಆಗ ಆ ಸದ್ದು ಬಂತು. ಟಪ್. ಇದನ್ನು ಬರೆಯುವಾಗಲೂ ನನ್ನ ಲೇಖನಿ ಒಂದು ಕ್ಷಣ ನಿಂತಿತು. ಹಗ್ಗದ ಒಂದು ಎಳೆ ಹರಿದು ಸುರುಳಿ ಸುತ್ತಿಕೊಂಡಿತು. ಚಿತ್ರ ಒಂದು ಕಡೆಗೆ ವಾಲಿತು. ದರ್ಬಾರಿನ ಮಂತ್ರಿಗಳೆಲ್ಲ ಇಳಿಜಾರಿನಲ್ಲಿ ನಿಂತರು. ಅದರ ಕೆಳಗೆ, ನಾಲ್ಕು ಮೊಳ ದೂರದಲ್ಲಿ, ಮೇಷ್ಟ್ರ ನುಣ್ಣನೆಯ ತಲೆ. ನಾನು ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ "ಅಯ್ಯಯ್ಯೋ! ಅಬ್ಬಬ್ಬಾ!" ಎಂದು ಕಿರುಚಿದೆ.

ಪದ್ಮಯ್ಯನವರು ಆನಂದದಿಂದ ತಲೆಯಾಡಿಸಿದರು. "ನೋಡಿದ್ರಾ? ಈ ಭಾಗಕ್ಕೆ ಬಂದಾಗ ರಸಿಕರಾದವರಿಗೆ ಹೀಗೇ ಆಗುತ್ತೆ!"

ಕೆರಿಯಪ್ಪ ಅಷ್ಟು ಹೊತ್ತಿಗೆ ಕಂಬದ ಬುಡದಲ್ಲಿದ್ದ. ಹೆಗಲ ಮೇಲಿನ ವಸ್ತ್ರ ತಿರುಚಿ ಎರಡು ಪಾದಕ್ಕೂ ಬಳೆಯಂತೆ ಸಿಕ್ಕಿಸಿಕೊಂಡು, ನಾನು ಇನ್ನೊಂದು ಉದ್ಗಾರ ಹುಡುಕುವುದರೊಳಗೆ ತೊಲೆಯ ಮೇಲೆ ಕವುಚಿ ಮಲಗಿದ್ದ. ಹರಿಯುತ್ತಿದ್ದ ಹಗ್ಗವನ್ನು ಕೆಳಭಾಗದಲ್ಲಿ ಹಿಡಿದು, ಅದಕ್ಕೆ ತನ್ನ ಹೊಸ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ತೊಲೆಯ ಮೇಲಿಂದ ಹಾಯಿಸಿ ನನ್ನತ್ತ ಎಸೆದ. "ಅಯ್ಯಾ, ಹಿಡ್ಕಳಿ! ಕೈಗೆ ಸುತ್ತಿ ಹಿಡ್ಕಳಿ! ಬಿಡಬ್ಯಾಡಿ!"

ಹಿಡಿದೆ. ಹಿಡಿದ ಮರುಗಳಿಗೆಯೇ ಹಳೆಯ ಹಗ್ಗ ಪೂರ್ತಿ ಹರಿಯಿತು.

ಒಂದು ದರ್ಬಾರಿಗೆ ಎಷ್ಟು ತೂಕವಿರುತ್ತದೆಂದು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ. ಅರಸ ಕೆಳಗಿಳಿಯತೊಡಗಿದ. ನಾನು ಮೇಲೇರತೊಡಗಿದೆ. ನನ್ನ ಪಾದಗಳು ನೆಲ ಬಿಟ್ಟದ್ದು, ಗೋಡೆಯ ಮೇಲಿನ ಮುಖವಾಡಗಳು ಒಂದೊಂದಾಗಿ ನನ್ನ ಸರಿಸಮಕ್ಕೆ ಬಂದು ಕೆಳಗೆ ಸರಿದದ್ದು, ಮೇಲಿನಿಂದ ಕೆರಿಯಪ್ಪ "ಬಿಟ್ಟೀರಿ ಮತ್ತೆ! ಮೇಷ್ಟ್ರು ಸತ್ತಾರು!" ಎಂದು ಕೂಗಿದ್ದು, ಎಲ್ಲ ಈಗಲೂ ಕಣ್ಣಿಗೆ ಕಟ್ಟಿದೆ. ಬಿಡಲಿಲ್ಲ. ಧೈರ್ಯದಿಂದಲ್ಲ, ಬಿಟ್ಟರೆ ಬೀಳುತ್ತೇನೆಂಬ ಭಯದಿಂದ. ಸದ್ಯಕ್ಕೆ ಎರಡೂ ಒಂದೇ ಕೆಲಸ ಮಾಡಿದವು.

ನನ್ನ ದನಿ ಎತ್ತರದಿಂದೆಲ್ಲೋ ಬರುತ್ತಿದೆಯೆಂದು ಪದ್ಮಯ್ಯನವರು ಕಣ್ಣು ತೆರೆದರು. ಮೂವತ್ತು ವರ್ಷ ತರಗತಿಯಲ್ಲಿ ಬೆಂಚು ಹತ್ತಿದವರನ್ನು ಇಳಿಸಿದ ಅಭ್ಯಾಸವಿರಬೇಕು. "ಇಳೀರಿ, ಇಳೀರಿ! ಸಂದರ್ಶಕರು ಹತ್ತೋ ಹಾಗಿಲ್ಲ!" ಎನ್ನುತ್ತ ಕುರ್ಚಿ ಬಿಟ್ಟು ಓಡಿಬಂದು ನನ್ನ ಪಂಚೆಗೆ ಕೈ ಹಾಕಿದರು.

"ಮೇಷ್ಟ್ರೇ, ಪಂಚೆ ಬೇಡ, ಕಾಲು, ಕಾಲು!" ಎಂದು ಗೋಗರೆದೆ.

ಕಾಲು ಹಿಡಿದು ಜೋತುಬಿದ್ದರು. ಇಬ್ಬರ ತೂಕ ಸೇರಿದಾಗ ದರ್ಬಾರಿನ ವೇಗ ಕುಗ್ಗಿತು. ಅದು ಘನತೆಯಿಂದ ಇಳಿದು, ಖಾಲಿಯಾದ ಕುರ್ಚಿಯ ಮೇಲೆ ಕೂತಿತು. ಕುರ್ಚಿಯ ಒಂದು ಕೈ ಲಟಕ್ಕೆಂದು ಮುರಿದು ದೂರ ಹಾರಿತು. ಗಾಜು ಮಾತ್ರ ಒಂದು ಗೀರೂ ಬೀಳದೆ ಉಳಿಯಿತು. ಮುರಿದ ಆ ಕೈಯನ್ನು ಪದ್ಮಯ್ಯನವರು ಎತ್ತಿಕೊಂಡು, ತಿರುಗಿಸಿ ನೋಡಿ, ಆಮೇಲೆ ಮೆಲ್ಲನೆ ತಮ್ಮ ತಲೆ ಮುಟ್ಟಿನೋಡಿಕೊಂಡರು. ನಾನು ಹಗ್ಗ ಬಿಟ್ಟು ನೆಲಕ್ಕಿಳಿದು ಗಂಧದ ಆನೆಯೊಂದರ ಪಕ್ಕದಲ್ಲೇ ಕೂತುಬಿಟ್ಟೆ.

ಕೆರಿಯಪ್ಪ ಜಾರಿ ಇಳಿದು ಬಂದು ಹಗ್ಗ ಸುತ್ತತೊಡಗಿದ. ಪದ್ಮಯ್ಯನವರು ಅವನ ಮುಂದೆ ಹೋಗಿ, ಹೆಸರು ಕೇಳಿ, ಕೈಮುಗಿದರು. "ಕೆರಿಯಪ್ಪನವರೇ, ಇನ್ನೊಂದು ಹತ್ತು ನಿಮಿಷ ಪುರಸೊತ್ತಿದ್ಯಾ? ಈ ಚರಿತ್ರೆ ಕೊನೇವರೆಗೆ ಯಾರೂ ಕೇಳಿಲ್ಲ."

"ಹೇಳಿ ಮೇಷ್ಟ್ರೇ. ಈಗ ಕೇಳಬೌದು. ಬೀಳಾದೇನಿಲ್ಲ" ಎಂದ ಕೆರಿಯಪ್ಪ.

ಮೂವರೂ ನೆಲದ ಮೇಲೆ ಕೂತು, ಎದುರಿಗೆ ಕುರ್ಚಿಯ ಮೇಲೆ ಕೂತ ದರ್ಬಾರನ್ನು ನೋಡುತ್ತ, ಅರಸ ಸಿಂಹಾಸನ ಏರುವವರೆಗೂ ಕೇಳಿದೆವು. ಪದ್ಮಯ್ಯನವರು ಮುಗಿಸಿದಾಗ ಅವರ ಕಣ್ಣು ಒದ್ದೆಯಾಗಿತ್ತು. ನಾವು ಚಪ್ಪಾಳೆ ತಟ್ಟಿದೆವು. ಬಸ್ಸು ತಪ್ಪಿತು, ಕಾರ್ಗಲ್ಲಿನಿಂದ ಬಂದ ಲಾರಿಯೊಂದರಲ್ಲಿ ಗೆದ್ದ ಸೈನ್ಯದಂತೆ ಊರು ಸೇರಿದೆವು. ಹೊಸ ಪರದೆಯನ್ನು ಕಂಡು ಶಿರಸ್ತೇದಾರರು, "ಇದಪ್ಪಾ ಅರಮನೆ!" ಎಂದರು.

ಆದರೆ ನನ್ನ ಪಾದಗಳಿಗೆ ಇನ್ನೂ ನೆಲದ ಮೇಲೆ ನಂಬಿಕೆ ಬಂದಿಲ್ಲ. ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಮಣೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ನನ್ನಾಕೆ ಸಾರು ಬಡಿಸುತ್ತ, "ಮತ್ತೆ ಹಾರಕ್ಕೆ ಹೊರಟ್ರಾ?" ಎನ್ನುತ್ತಾಳೆ. ಯಾರ ಮನೆಗೆ ಹೋದರೂ ಗೋಡೆಯ ಪಟ ಯಾರದೆಂದು ನೋಡುವುದಿಲ್ಲ. ಕತ್ತೆತ್ತಿ ಮೊಳೆ ನೋಡುತ್ತೇನೆ, ಆಮೇಲೆ ಕೂರುತ್ತೇನೆ. ಇದನ್ನು ಗಮನಿಸಿದವರು, 'ಇವರು ಚಿತ್ರ ನೋಡುವ ರೀತಿಯೇ ಬೇರೆ' ಎಂದು ಸುದ್ದಿ ಹಬ್ಬಿಸಿದ್ದಾರೆ. ಕಳೆದ ತಿಂಗಳು ತೀರ್ಥಹಳ್ಳಿಯ ಶಾಲೆಯೊಂದರ ಚಿತ್ರಕಲಾ ಸ್ಪರ್ಧೆಗೆ ನನ್ನನ್ನೇ ತೀರ್ಪುಗಾರನಾಗಿ ಕರೆದರು. ಒಂದು ಗಂಟೆ ಪ್ರತಿ ಚಿತ್ರದ ಮುಂದೆಯೂ ನಿಂತು, ಮೇಲೆ ನೋಡಿ, ದೀರ್ಘವಾಗಿ ಯೋಚಿಸಿದೆ. ಸಭೆ ಉಸಿರು ಬಿಗಿಹಿಡಿದಿತ್ತು. ಕೊನೆಗೆ ಎರಡು ಮೊಳೆ ಹೊಡೆದು ತೂಗುಹಾಕಿದ್ದ ಒಂದೇ ಒಂದು ಚಿತ್ರಕ್ಕೆ ಮೊದಲ ಬಹುಮಾನ ಕೊಟ್ಟೆ.