ಅರ್ಜಿ ಉಳವಪ್ಪ ನಾಯಿ ದತ್ತು ತಂದದ್ದು

ದೀಪಾವಳಿ ಪಾಡ್ಯದ ಮಧ್ಯಾಹ್ನ, ಹೋಳಿಗೆ ತಿಂದ ಕೈ ತೊಳೆಯುವುದಕ್ಕೂ ಮೊದಲೇ, ಅರ್ಜಿ ಉಳವಪ್ಪ ಟೀವಿಯ ಮುಂದೆ ಎದ್ದು ನಿಂತು ಘೋಷಿಸಿಬಿಟ್ಟ:

"ನಾಳಿ ಈ ಮನಿಗೆ ಒಂದು ಅನಾಥ ಜೀವ ಬರತೈತಿ! ನಾನ ಹೋಗಿ ತರಾಂವ. ಇಡೀ ಬೈಲಹೊಂಗಲದಾಗ ಇಲ್ಲೀತನಕಾ ಯಾರೂ ಮಾಡಿರಬಾರದು, ಅಂಥಾ ಕೆಲಸ!"

ಹೆಂಡತಿ ಅನ್ನಪೂರ್ಣಾಳಿಗೆ ಗಾಬರಿಯಾಯಿತು. "ಯಾರ್ರೀ ಅದು? ನಿಮ್ಮ ಸವದತ್ತಿ ತಮ್ಮನ್ನ ಮತ್ತ ಮನಿ ಬಿಡಿಸ್ಯಾರೇನು?"

"ನಾಯಿ! ನಾಯಿ ದತ್ತು ತಗೋತೇನಿ."

"ಅಯ್ಯ, ನಾಯಿನಾ?" ಅನ್ನಪೂರ್ಣಾ ಉಸಿರು ಬಿಟ್ಟಳು. "ಹಂಗಾರ ಅಡ್ಡಿಯಿಲ್ಲ."

ತಪ್ಪು ಸಿನಿಮಾದ್ದು. ಧಾರವಾಡದ ಹಾಸ್ಟೆಲಿನಿಂದ ಹಬ್ಬಕ್ಕೆ ಬಂದಿದ್ದ ಮಗಳು ಶೈಲಜಾ ಟೀವಿಗೆ ಹಚ್ಚಿದ್ದು ಯಾವುದೋ ದೂರದೇಶದ ಹಬ್ಬದ ಕಥೆ. ಊರ ತುಂಬ ಹಿಮ, ಮನೆ ತುಂಬ ದೀಪ, ಎಲ್ಲರ ಮೈಮೇಲೂ ಕೆಂಪು ಸ್ವೆಟರು. ಆ ಮನೆಯ ಯಜಮಾನ ಮಹಾ ಗಂಟುಮೋರೆಯವನು. ಮಕ್ಕಳ ಕಾಟ ತಾಳದೆ ನಾಯಿಗಳ ಆಶ್ರಯಕ್ಕೆ ಹೋಗುತ್ತಾನೆ. ಎಲ್ಲ ನಾಯಿಗಳೂ ಬೊಗಳುತ್ತವೆ. ಕಟ್ಟಕಡೆಯ ಗೂಡಿನದು ಮಾತ್ರ ಬೊಗಳದೆ ಅವನನ್ನೇ ನೋಡುತ್ತದೆ. ಮುಗಿಯಿತು! ಯಜಮಾನನ ಮೋರೆಯ ಗಂಟು ಬಿಚ್ಚಿತು, ನಾಯಿ ಸೋಫಾ ಏರಿತು, ಉಳವಪ್ಪ ಲುಂಗಿಯ ಅಂಚಿನಿಂದ ಕಣ್ಣೊರೆಸಿಕೊಂಡ. ಹಿಮದ ಊರಿನ ನಾಯಿಗಾಗಿ ಅಳುವುದು ಬಲು ಸಲೀಸು. ಅದು ನಮ್ಮ ಓಣಿಗೆ ಬಂದು ಬೊಗಳುವುದಿಲ್ಲ.

ನಮ್ಮ ಓಣಿಯಲ್ಲಿ ಬೊಗಳುವ ನಾಯಿಗೆ ಇದೇ ಉಳವಪ್ಪ ಏನು ಮಾಡಿದ್ದ ಎಂಬುದನ್ನು ಹೇಳದೆ ಮುಂದೆ ಹೋಗುವುದು ಅನ್ಯಾಯ.

ಉಳವಪ್ಪನ ಕಸುಬು ಅರ್ಜಿ ಬರೆಯುವುದು. ತಹಶೀಲ್ದಾರ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಅವನ ಮೇಜು. ಹೊಲದ ಉತಾರದಲ್ಲಿ ಹೆಸರು ತಪ್ಪಿದವರು, ಪಿಂಚಣಿ ನಿಂತವರು, ಬದುಕಿದ್ದೂ ದಾಖಲೆಯಲ್ಲಿ ಸತ್ತವರು, ಎಲ್ಲರ ಅಳಲಿಗೂ ಅವನದೇ ಕೈಬರಹ. ಬರೆದ ಪ್ರತಿಯೊಂದರ ಒಂದು ಝೆರಾಕ್ಸ್ ರೆಕ್ಸಿನ್ ಚೀಲದಲ್ಲಿ ಇಟ್ಟುಕೊಳ್ಳುವುದು ಪದ್ಧತಿ. ಇದರ ಮೇಲೆ ಅವನು ಓಣಿಯ ಸ್ವಚ್ಛತಾ ಸಮಿತಿಯ ಅಧ್ಯಕ್ಷ. ಹೀಗಿರುವಾಗ, ಮುಂಜಾನೆ ಏಳಕ್ಕೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಯವನು ಒಮ್ಮೆ ಎಲ್ಲರೆದುರು, "ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ ಮಾಡಿ ತರ್ರಿ ಸಾಹೇಬ್ರ" ಎಂದುಬಿಟ್ಟ. ಅಧ್ಯಕ್ಷನಿಗೆ! ಅಂದಿನಿಂದ ಉಳವಪ್ಪ ಆ ಗಾಡಿಯ ಮುಖ ನೋಡಲಿಲ್ಲ. ನಸುಕಿನ ಐದಕ್ಕೆ "ವಾಕಿಂಗ್" ಹೊರಟು, ಬಕೆಟ್ಟಿನ ಕಸವನ್ನು ಓಣಿಯ ತುದಿಯ ಖಾಲಿ ಜಾಗದಲ್ಲಿ ಸುರಿದು ಬರತೊಡಗಿದ. ಅನ್ನಪೂರ್ಣಾಳಿಗೆ ಹೇಳಿದ್ದು, ಸರ್ಕಲ್ಲಿನ ದೊಡ್ಡ ತೊಟ್ಟಿಗೆ ಹಾಕುತ್ತೇನೆಂದು.

ಖಾಲಿ ಜಾಗವೇನೋ ಖಾಲಿ. ಅದಕ್ಕಂಟಿದ ನೀಲಿ ಬಾಗಿಲಿನ ಮನೆ ಮಾತ್ರ ಖಾಲಿಯಿರಲಿಲ್ಲ. ಅಲ್ಲಿ ರಾಯವ್ವ ಇದ್ದಳು, ಹಳೆಯ ಸೀರೆ ಜೋಡಿಸಿ ಹೊದೆಯುವ ಕೌದಿ ಹೊಲಿಯುವವಳು. ಉಳವಪ್ಪನ ಮನೆಯ ನಾಲ್ಕೂ ಕೌದಿ ಅವಳ ಕೈಯವೇ. ಕೌದಿಗಳು ಮಲಗುವ ಕೋಣೆಯ ಮಂಚದವರೆಗೆ ಹೋಗಿದ್ದವು. ರಾಯವ್ವ ಮಾತ್ರ ಹತ್ತು ವರ್ಷದಲ್ಲಿ ಹೊರಗಿನ ಮೆಟ್ಟಿಲು ದಾಟಿರಲಿಲ್ಲ. ದಾಟಬೇಡ ಎಂದು ಯಾರೂ ಹೇಳಿರಲಿಲ್ಲ. ದಾಟಿ ಬಾ ಎಂದೂ ಯಾರೂ ಹೇಳಿರಲಿಲ್ಲ. ಕಸ ಸುರಿಯಲು ಓಣಿಯಲ್ಲಿ ಬೇರೆ ಜಾಗವೇ ಸಿಗಲಿಲ್ಲವೇ ಎಂದು ಕೇಳಿದರೆ ಉಳವಪ್ಪನ ಹತ್ತಿರ ಉತ್ತರವಿಲ್ಲ. ನಮ್ಮ ನಿಮ್ಮ ಹತ್ತಿರ ಇದೆ, ಹೇಳುವುದಿಲ್ಲ ಅಷ್ಟೇ.

ರಾಯವ್ವನಿಗೊಂದು ನಾಯಿ. ಹೆಸರು ಫೌಜದಾರ. ದಿನಾ ನಸುಕಿನಲ್ಲಿ ಉಳವಪ್ಪ ಬಕೆಟ್ ಎತ್ತಿದನೆಂದರೆ ಕತ್ತಲೊಳಗಿಂದ ಆ ಬೊಗಳು! ಉಳವಪ್ಪ ಆ ನಾಯಿಯ ಮುಖವನ್ನು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ. ಓಡುವವನಿಗೆ ಅಷ್ಟು ಪುರಸೊತ್ತೆಲ್ಲಿ? ದನಿಯ ಪರಿಚಯವೊಂದೇ. ಕೊನೆಗೆ ಅವನಿಗೆ ಬರುವ ವಿದ್ಯೆಯನ್ನೇ ಪ್ರಯೋಗಿಸಿದ. "ಓಣಿಯ ಸಮಸ್ತ ನಾಗರಿಕರು" ಎಂದು ಕೆಳಗೆ ಹಾಕಿ ಪುರಸಭೆಗೊಂದು ಅರ್ಜಿ ಬರೆದ. ವಾರದೊಳಗೆ ನಾಯಿ ಹಿಡಿಯುವ ಗಾಡಿ ಬಂತು, ಫೌಜದಾರನನ್ನು ಎತ್ತಿಕೊಂಡು ಹೋಯಿತು.

ಮೂರನೇ ದಿನ ಬೇವಿನ ಗಿಡದ ಕೆಳಗೆ ರಾಯವ್ವ ಬಂದು ನಿಂತಳು. "ಯಪ್ಪಾ, ನನ್ನ ನಾಯಿ ತಿರುಗಿ ಕೊಡ್ರಿ ಅಂತ ಒಂದು ಅರ್ಜಿ ಬರದು ಕೊಡ್ರಿ. ನಿಮ್ಮಂಗ ಬರ್ಯಾವ್ರು ಯಾರೂ ಇಲ್ಲ."

ಅದು ನಿಜ. ಉಳವಪ್ಪ ಅದನ್ನೂ ಬರೆದ. ಮನಸ್ಸಿಟ್ಟೇ ಬರೆದ. ರಾಯವ್ವ ಐವತ್ತು ದಾಟಿದ ಮೇಲೆ ಕಲಿತ ಮೂರಕ್ಷರದ ಸಹಿಯನ್ನು ಬೆವರುತ್ತ ಹಾಕಿದಳು. "ನಾನ ಮುಟ್ಟಸ್ತೇನಿ" ಎಂದು ಉಳವಪ್ಪ ಅದನ್ನು ಚೀಲಕ್ಕೆ ಸೇರಿಸಿದ. ಮೂರು ತಿಂಗಳಾಯಿತು. ಚೀಲದಲ್ಲೇ ಇತ್ತು.

ಅಂಥ ಉಳವಪ್ಪ ಪಾಡ್ಯದ ಮರುದಿನ ಮಗಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಕಿತ್ತೂರಿಗೆ ಹೊರಟ! ಹೆದ್ದಾರಿಯ ಪಕ್ಕದ ಹಳೆಯ ಗೋದಾಮಿನಲ್ಲಿ ಯಾರೋ ಪುಣ್ಯವಂತರು ಬೀದಿನಾಯಿಗಳನ್ನು ಸಾಕುತ್ತಿದ್ದರು. ನೋಡಿಕೊಳ್ಳುವ ಭೀಮಶಿ ಬಾಗಿಲು ತೆಗೆದದ್ದೇ ತಡ, ನಲವತ್ತು ನಾಯಿಗಳೂ ಒಮ್ಮೆಲೇ ಬೊಗಳಿದವು. ಕಟ್ಟಕಡೆಯ ಗೂಡಿನದೊಂದು ಬೊಗಳಲಿಲ್ಲ. ತುರಿಗಜ್ಜಿಗೆಂದು ಮೈಯೆಲ್ಲ ಬೋಳಿಸಿ ನೀಲಿ ಔಷಧಿ ಬಳಿದಿದ್ದರು. ಅದು ಎದ್ದು ನಿಂತಿತು. ಕಣ್ಣು ಪಿಳುಕಿಸದೆ ಉಳವಪ್ಪನನ್ನೇ ನೋಡಿತು.

"ಶೈಲಾ!" ಉಳವಪ್ಪ ಮಗಳ ಕೈ ಹಿಡಿದೆಳೆದ. "ಸಿನಿಮಾದಾಗಿನಂಗ ಐತಿ ನೋಡವಾ!"

ಭೀಮಶಿಗೂ ಆಶ್ಚರ್ಯ. "ಬಂದಾಗಿಂದ ಒಮ್ಮೀನೂ ಬೊಗಳಿಲ್ರಿ, ಯಾರನ್ನೂ ಹಿಂಗ ನೋಡಿದ್ದೂ ಇಲ್ಲ ಇದು. ನಿಮ್ಮನ್ನ ಗುರುತು ಹಿಡದಂಗ ಮಾಡಾಕ ಹತ್ತೇತಿ."

"ಹಿಂದಿನ ಜನ್ಮದ ಋಣಾನುಬಂಧರೀ!"

"ಬೈಲಹೊಂಗಲದ ಕಡಿಂದಾನ ಬಂದದ್ದರಿ."

"ನಮ್ಮೂರ ಕೂಸು!" ಎಂದು ಉಳವಪ್ಪ, ಜೀವವಿರುವ ತನಕ ಸಾಕುತ್ತೇನೆಂಬ ಕಾಗದಕ್ಕೆ ಸಹಿ ಜಡಿದ.

ದಾರಿಯುದ್ದಕ್ಕೂ ನಾಯಿ ಅಪ್ಪ ಮಗಳ ನಡುವೆ ಕುಳಿತು ಉಳವಪ್ಪನ ಕುತ್ತಿಗೆ, ಕಿವಿ, ಅಂಗಿ ಎಲ್ಲ ಮೂಸಿತು. "ಎಷ್ಟು ಪ್ರೀತಿ ನೋಡು!" ಎಂದ ಉಳವಪ್ಪ. ಅದು ಸಾಕ್ಷಿ ಪರಿಶೀಲಿಸುತ್ತಿತ್ತು.

ಮನೆಯಲ್ಲಿ ಅನ್ನಪೂರ್ಣಾ ಆರತಿ ತಟ್ಟೆ ಹಿಡಿದವಳು ನಾಯಿಯ ಮುಖ ನೋಡಿ ಹುಬ್ಬು ಗಂಟಿಕ್ಕಿದಳು. "ಈ ಮಾರಿ ನಾ ಎಲ್ಲೋ ನೋಡೇನ್ರಿ."

"ಎಲ್ಲಾ ನಾಯಿ ಮಾರಿನೂ ಒಂದ ಇರತೈತಿ."

"ಮನಷ್ಯಾರದೂ ಹಂಗ ಇದ್ದಿದ್ರ ಚಲೋ ಇತ್ತು" ಎಂದಳು ಅವಳು, ಯಾಕೋ.

ನಾಯಿ ಮೆಟ್ಟಿಲು ದಾಟಿ, ಪಡಸಾಲೆ ದಾಟಿ, ನೇರ ಮಲಗುವ ಕೋಣೆಗೆ ಹೋಗಿ ಕೌದಿಯನ್ನೊಮ್ಮೆ ಮೂಸಿ, ಅದರ ಮೇಲೆ ಸುರುಳಿಸುತ್ತಿ ಮಲಗಿಬಿಟ್ಟಿತು. "ಅರ್ಧಾ ತಾಸಿನ್ಯಾಗ ಮನಿ ಒಗ್ಗೇತಿ!" ಎಂದು ಉಳವಪ್ಪ ಹಿಗ್ಗಿದ.

ಮರುದಿನ ನಸುಕಿನ ಐದಕ್ಕೆ ಉಳವಪ್ಪ ಸಿನಿಮಾದ ಯಜಮಾನನಂತೆ ನಾಯಿಯ ಬೆಲ್ಟನ್ನು ಎಡಗೈಗೆ ಸುತ್ತಿಕೊಂಡ. ಬಲಗೈಗೆ ಬಕೆಟ್ಟು. ಹಬ್ಬದ ಕಸ, ತುಂಬಿ ತುಳುಕುತ್ತಿತ್ತು. ಗೇಟು ದಾಟಿ ಅದನ್ನು ಹೊತ್ತು ಓಣಿಯ ತುದಿಯತ್ತ ತಿರುಗಿದನೋ ಇಲ್ಲವೋ, ಮೂರು ತಿಂಗಳು ಮೌನವ್ರತ ಹಿಡಿದಿದ್ದ ನಾಯಿ ಬಾಯಿ ತೆರೆಯಿತು.

ಉಳವಪ್ಪನಿಗೆ ಗುರುತು ಸಿಕ್ಕಿತು. ಆ ದನಿ!

"ಸುಮ್ಮಿರೋ... ಸುಮ್ಮಿರೋ ನಮ್ಮಪ್ಪಾ..." ಎನ್ನುವಷ್ಟರಲ್ಲಿ ಫೌಜದಾರ ಓಟ ಕಿತ್ತ. ಬೆಲ್ಟು ಕೈಗೆ ಬಿಗಿದಿತ್ತು. ಕೈ ಉಳವಪ್ಪನದಾದ್ದರಿಂದ ಅವನೂ ಹೋಗಬೇಕಾಯಿತು. ಅಧ್ಯಕ್ಷರ ಮೆರವಣಿಗೆ ಓಣಿಯುದ್ದಕ್ಕೂ ಸಾಗಿ ನೀಲಿ ಬಾಗಿಲಿನ ಮುಂದೆ ಮುಗ್ಗರಿಸಿ, ಬಕೆಟ್ಟಿನ ಸಮೇತ ರಾಯವ್ವನ ಕಟ್ಟೆಯ ಮೇಲೆ ಬಿತ್ತು.

ಬಾಗಿಲು ತೆರೆಯಿತು. "ಫೌಜದಾರಾ!" ರಾಯವ್ವ ಅಲ್ಲೇ ಕುಸಿದು ಕುಳಿತು ಬೋಳು ನಾಯಿಯನ್ನು ಅಪ್ಪಿಕೊಂಡಳು. ಅದರ ಬಾಲ ಮುರಿದುಬೀಳುವಂತೆ ಅಲ್ಲಾಡಿತು. ಅಂಗಳಕ್ಕೆ ನೀರು ಹಾಕುತ್ತಿದ್ದ ಹೆಂಗಸರು ಓಡಿ ಬಂದರು. ಗದ್ದಲ ಕೇಳಿ ಅನ್ನಪೂರ್ಣಾ, ಶೈಲಜಾ ಕೂಡ.

"ನೋಡ್ರಿ, ನೋಡ್ರಿ!" ರಾಯವ್ವನ ಕಣ್ಣಲ್ಲಿ ನೀರು. "ಅರ್ಜಿ ಬರದದ್ದಲ್ಲದ ತಾವ ಹೋಗಿ ನನ್ನ ನಾಯಿ ಹುಡುಕಿಕೊಂಡು ಬಂದಾರ. ಇಂಥಾ ಪುಣ್ಯಾತ್ಮ ಯಾವ ಊರಾಗ ಅದಾನ?"

ಈ ಹೊತ್ತಿಗೆ ಒಬ್ಬ ಮನುಷ್ಯ ನಿಜ ಹೇಳಬಹುದಿತ್ತು. ಉಳವಪ್ಪ ಮೈ ಜಾಡಿಸಿಕೊಂಡು, "ಅದೇನು ದೊಡ್ಡದು ಬಿಡವಾ, ಮನಷ್ಯಾ ಅಂದ ಮ್ಯಾಲೆ ಇಷ್ಟರ ಮಾಡಬೇಕಲಾ" ಎಂದ!

"ಏನ್ರೀ," ಅನ್ನಪೂರ್ಣಾ ಕಟ್ಟೆಯ ಮೇಲೆ ಹರಡಿದ್ದನ್ನು ನೋಡುತ್ತಿದ್ದಳು. "ಇದು ನಮ್ಮ ಬಕೆಟ್ ಅಲ್ಲಾ? ಸರ್ಕಲ್ ಆ ಕಡೆ ಐತಿ. ನೀವು ಈ ಕಡೆ ಯಾಕ ಬಂದ್ರಿ?"

ಬಾಳೆಎಲೆ, ಹೂವು, ಈರುಳ್ಳಿಯ ಸಿಪ್ಪೆ. ಅವುಗಳ ನಡುವೆ, ಹಬ್ಬದ ಸ್ವಚ್ಛತೆಗೆಂದು ಅನ್ನಪೂರ್ಣಾಳೇ ರೆಕ್ಸಿನ್ ಚೀಲ ಕೊಡವಿ ಬಕೆಟ್ಟಿಗೆ ಹಾಕಿದ್ದ ಹಳೆಯ ಕಾಗದ. ರಾಯವ್ವ ಒಂದನ್ನು ಎತ್ತಿಕೊಂಡಳು. ಅವಳಿಗೆ ಓದಲು ಬಾರದು. ಆದರೆ ಆ ಮೂರಕ್ಷರ ಜಗತ್ತಿನಲ್ಲಿ ಎಲ್ಲಿದ್ದರೂ ಗುರುತು ಸಿಗುತ್ತಿತ್ತು.

"ಇದು ನನ್ನ ಸಹಿ" ಎಂದಳು ಮೆಲ್ಲಗೆ. "ಶೈಲವ್ವಾ, ಓದವಾ."

ಶೈಲಜಾ ಓದಿದಳು: "ಸದರಿ ಪ್ರಾಣಿಯು ಅತ್ಯಂತ ಸಾಧು ಸ್ವಭಾವದ್ದಾಗಿದ್ದು, ಓಣಿಯ ಕಾವಲು ಕಾಯುತ್ತ ಬಂದಿರುತ್ತದೆ..."

"ಅದಕ್ಕ ಅಂಟಿಕೊಂಡದ್ದೊಂದು ಐತಲಾ, ಅದೂ ಓದು."

ಮಗಳು ಅಪ್ಪನ ಮುಖ ನೋಡಿದಳು. ಆಮೇಲೆ ಓದಿದಳು: "ಸದರಿ ಪ್ರಾಣಿಯು ನಸುಕಿನಲ್ಲಿ ಓಣಿಯಲ್ಲಿ ಸುಳಿದಾಡಿ, ಕಂಡಲ್ಲಿ ಹೊಲಸು ಮಾಡಿ, ನೆರೆಹೊರೆಯವರ ನೆಮ್ಮದಿ ಕೆಡಿಸುತ್ತಿದ್ದು, ಇದರಿಂದ ಓಣಿಯ ಮರ್ಯಾದೆ ಹಾಳಾಗಿರುತ್ತದೆ. ಕೂಡಲೇ ಕ್ರಮ ಜರುಗಿಸಬೇಕು. ಇಂತಿ, ಓಣಿಯ ಸಮಸ್ತ ನಾಗರಿಕರು." ಎರಡೂ ಹಾಳೆಗಳನ್ನು ಅಕ್ಕಪಕ್ಕ ಹಿಡಿದು ಹೇಳಿದಳು: "ಅಪ್ಪಾ, ಎರಡೂ ನಿನ್ನ ಅಕ್ಷರ."

ಸಮಸ್ತ ನಾಗರಿಕರು ಅಲ್ಲೇ ಕೊಡ ಹಿಡಿದು ನಿಂತಿದ್ದರು. ಯಾರಾದರೂ ಬೈದಿದ್ದರೆ ಉಳವಪ್ಪ ಬದುಕಿಕೊಳ್ಳುತ್ತಿದ್ದ. ಅನ್ನಪೂರ್ಣಾ ಸೆರಗು ಸಿಕ್ಕಿಸಿ, ಬಗ್ಗಿ, ಕಟ್ಟೆಯ ಮೇಲಿನ ಕಸ ಬಳಿಯತೊಡಗಿದಳು. ಹಸಿಯದು ಬೇರೆ, ಒಣದು ಬೇರೆ.

ರಾಯವ್ವ ನಾಯಿಯ ಬೋಳು ಬೆನ್ನು ಸವರುತ್ತ ಕೇಳಿದಳು, "ಈಗ ಕಾಗದದಾಗ ಈ ನಾಯಿ ಯಾರದು?"

"ನಂದು... ಕಿತ್ತೂರಾಗ ದತ್ತು ತಗೊಂಡು ಬಂದೇನ್ರಿ..." ಉಳವಪ್ಪ ತೊದಲಿದ. "ನಿಮ್ಮ ಹೆಸರಿಗೆ ಮಾಡಬೇಕಂದ್ರ ಕಿತ್ತೂರಿಗೆ ಮತ್ತೊಂದು ಅರ್ಜಿ ಬರೀಬೇಕಾಗತೈತ್ರಿ."

"ಬರೀರಿ. ಇಲ್ಲೇ ಕುಂತ ಬರೀರಿ. ಈ ಸಲ ನಾನ ಮುಟ್ಟಸ್ತೇನಿ."

ಉಳವಪ್ಪ ಮೊದಲ ಸಲ ಆ ಕಟ್ಟೆಯ ಮೇಲೆ ಕುಳಿತ. ಶೈಲಜಾ ಪೆನ್ನು, ಹಾಳೆ ತಂದುಕೊಟ್ಟಳು. ಉಳವಪ್ಪ ಹಾಳೆಯ ಮೇಲೆ ತಾರೀಕು ಹಾಕಿ ಕೇಳಿದ, "ನಾಯಿ ಬಗ್ಗೆ ಏನ ಬರೀಲಿ, ಹೇಳ್ರಿ?"

"ನನ್ನ ಅರ್ಜಿಯೊಳಗಿಂದ ಬರೀರಿ. ಸಾಧು ಸ್ವಭಾವ ಅಂತ. ಖರೆ ಐತಿ."

"ಮತ್ತ... ದತ್ತು ತಗೊಂಡಾಂವ ಯಾಕ ಬಿಟ್ಟುಕೊಡಾಕ ಹತ್ಯಾನ ಅಂತ ಕೇಳತಾರಿ. ನನ್ನ ಬಗ್ಗೆ ಏನ ಬರೀಲಿ?"

"ನಿಮ್ಮ ಬಗ್ಗೆ ಹೊಸಾದು ಯಾಕ ಬರೀತೀರಿ, ಯಪ್ಪಾ?" ರಾಯವ್ವ ಇನ್ನೊಂದು ಕಾಗದವನ್ನು ಅವನ ಮುಂದೆ ಸರಿಸಿದಳು. "ಎಲ್ಲಾ ಇದರಾಗ ಬರದೀರಲಾ. 'ಸದರಿ ಪ್ರಾಣಿ' ಅಂತ ಇದ್ದಲ್ಲಿ ನಿಮ್ಮ ಹೆಸರು ಹಾಕ್ರಿ, ಸಾಕು."

ಉಳವಪ್ಪ ಮೊದಲಿನಿಂದ ಕೊನೆಯವರೆಗೆ ಓದಿ ನೋಡಿದ. ಮತ್ತೊಂದಕ್ಷರ ತಿದ್ದುವಂತಿರಲಿಲ್ಲ.