ಲಾಗರ್‌ನಲ್ಲಿ ಅರಳಿದ ನಿಂಬೆ ಹೂವು

ರುಚಿಯ ವಿಷಯದಲ್ಲಿ ನಾನು ಅನಕ್ಷರಸ್ಥ. ಕಾಫಿ ಬಿಸಿಯಾಗಿದ್ದರೆ ಚೆನ್ನಾಗಿದೆ ಎನ್ನುತ್ತೇನೆ, ಆರಿದ್ದರೆ ಆರಿದೆ ಎನ್ನುತ್ತೇನೆ. ನನ್ನ ವಿಮರ್ಶೆ ಅಲ್ಲಿಗೆ ಮುಗಿಯುತ್ತದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೋಲ್ಟು ಪರೀಕ್ಷಿಸುವುದು ನನ್ನ ಉದ್ಯೋಗ. ಬೋಲ್ಟು ಪಾಸಾಗುತ್ತದೆ, ಇಲ್ಲವೇ ರಿಜೆಕ್ಟ್ ಆಗುತ್ತದೆ. ಅದರ ಅಂತರಂಗದಲ್ಲಿ ಯಾವ ಭಾವಗಳಿವೆ ಎಂದು ಯಾರೂ ಕೇಳುವುದಿಲ್ಲ. ಆದರೆ ನನ್ನ ಷಡ್ಡಕ ಪ್ರಸನ್ನ ವೈಟ್‌ಫೀಲ್ಡಿನವನು. ನನ್ನ ಹೆಂಡತಿ ಉಮಾಳ ತಂಗಿ ಶೈಲಾಳನ್ನು ಮದುವೆಯಾದಾಗ ಸಾಧಾರಣ ಮನುಷ್ಯನಾಗಿಯೇ ಇದ್ದ. ಕಂಪನಿಯವರು ಒಮ್ಮೆ ಜರ್ಮನಿಗೆ ಕಳಿಸಿದರು ನೋಡಿ, ವಾಪಸು ಬರುವಷ್ಟರಲ್ಲಿ ಅವನ ನಾಲಿಗೆಗೆ ಜ್ಞಾನೋದಯವಾಗಿತ್ತು. ಅಂದಿನಿಂದ ಅವನು ಬಿಯರು ಕುಡಿಯುವುದಿಲ್ಲ, ಅರ್ಥಮಾಡಿಕೊಳ್ಳುತ್ತಾನೆ.

ಒಂದು ಭಾನುವಾರ ಮಧ್ಯಾಹ್ನ, ಅಲ್ಲೇ ಬಿಯರು ತಯಾರಿಸಿ ಅಲ್ಲೇ ಕುಡಿಸುವ ಅವನ ಮೆಚ್ಚಿನ ಜಾಗಕ್ಕೆ ನಮ್ಮಿಬ್ಬರನ್ನು ಊಟಕ್ಕೆ ಕರೆದ. ಹೊರಡುವ ಮುಂಚೆ ಉಮಾ ಎಚ್ಚರಿಸಿದಳು: "ಹೋದ್ಸಲ ಅವನೆದುರು ಬಾಯಿ ಬಿಡದೆ ಕೂತ್ಕೊಂಡ್ರಿ. ಭಾವನಿಗೆ ಏನೂ ಗೊತ್ತಾಗಲ್ಲ ಪಾಪ ಅಂತ ಶೈಲಾ ಅಮ್ಮನ ಹತ್ರ ಹೇಳಿದ್ಲಂತೆ. ಈ ಸಲ ಏನಾದ್ರೂ ಮಾತಾಡ್ರೀ!" ಹೀಗೆ ದಾವಣಗೆರೆಯ ತವರುಮನೆಯಲ್ಲಿ ಅವಳ ಮಾನ ಉಳಿಸುವ ಹೊಣೆ ಹೊತ್ತು, ಬಸ್ಸು ಬದಲಿಸುತ್ತ, ದೊಡ್ಡನೆಕ್ಕುಂದಿಯ ಸಿಗ್ನಲಿನಲ್ಲಿ ಆಯುಷ್ಯದ ಒಂದು ಭಾಗ ಕಳೆದು, ಉಮಾಳ ಜೊತೆ ಅಲ್ಲಿಗೆ ತಲುಪಿದೆ. ಪ್ರಸನ್ನನೂ ಶೈಲಾಳೂ ಆಗಲೇ ಮೇಜು ಹಿಡಿದು ಕೂತಿದ್ದರು.

ಗ್ಲಾಸುಗಳು ಬಂದವು, ಜೊತೆಗೊಂದು ತುಂಬಿದ ಜಗ್ಗು. "ಇದು ಲೈಟ್ ಲಾಗರ್, ಹಗುರವಾದ ಬಿಯರು. ಗಟಗಟ ಕುಡೀಬೇಡಿ ಅಣ್ಣ. ಮೊದ್ಲು ನೋಡಿ," ಎಂದು ಪ್ರಸನ್ನ ಗ್ಲಾಸನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ಈ ಬಣ್ಣದ್ದನ್ನು ಅಷ್ಟು ಗೌರವದಿಂದ ಬೆಳಕಿಗೆ ಹಿಡಿಯುವುದನ್ನು ನಾನು ಅಲ್ಲಿಯವರೆಗೆ ಮೂತ್ರ ಪರೀಕ್ಷೆಯ ಲ್ಯಾಬಿನಲ್ಲಿ ಮಾತ್ರ ಕಂಡಿದ್ದೆ. ಆಮೇಲೆ ಅವನು ಮೂಸಿ, ಕಣ್ಣು ಮುಚ್ಚಿ, "ಬಿಸ್ಕತ್ತು. ಆಗತಾನೆ ಕತ್ತರಿಸಿದ ಹುಲ್ಲು," ಎಂದ.

ನಾನೂ ಮೂಸಿದೆ. ಬಿಯರಿನ ವಾಸನೆ ಬಂತು. ಒಂದು ಗುಟುಕು ಕುಡಿದೆ. ತಣ್ಣಗಿತ್ತು. ಪ್ರಾಮಾಣಿಕವಾಗಿ ಅಷ್ಟೇ ಹೇಳುವವನಿದ್ದೆ, ಮೇಜಿನಡಿ ಉಮಾಳ ಕಾಲು ನನ್ನ ಕಾಲನ್ನು ತುಳಿಯಿತು.

"ನಿಂಬೆ ಹೂವು," ಎಂದುಬಿಟ್ಟೆ.

ಪ್ರಸನ್ನ ಬೆಚ್ಚಿದ. ಮತ್ತೆ ಮೂಸಿದ. "ಹೌದಲ್ವಾ! ಸೂಕ್ಷ್ಮವಾಗಿದೆ... ಕೊನೇಲಿ ಜೇನು ಬರತ್ತೆ, ಗಮನಿಸಿದ್ರಾ?"

"ಹೊಂಗೆ ಮರದಲ್ಲಿ ಕಟ್ಟಿದ ಜೇನು," ಎಂದೆ ನಾನು.

ಸುಳ್ಳು ಇಷ್ಟು ಸಲೀಸೆಂದು ನನಗೆ ಗೊತ್ತೇ ಇರಲಿಲ್ಲ. ಅವನು ಬ್ರೆಡ್ಡಿನ ಅಂಚು ಎಂದರೆ ನಾನು ಸುಟ್ಟ ಅಂಚು ಎಂದೆ. ಅವನು ಮಣ್ಣು ಎಂದರೆ ನಾನು ಮೊದಲ ಮಳೆಗೆ ನೆನೆದ ಕೆಮ್ಮಣ್ಣು ಎಂದೆ. ಕೊನೆಗೆ ಅವನೇ ಸೋತು, "ಅಣ್ಣ, ನಿಮ್ಮ ಮೂಗು ಪೀಣ್ಯದಲ್ಲಿ ವೇಸ್ಟಾಗ್ತಿದೆ ಗುರುವೇ," ಎಂದು ಕೈ ಕುಲುಕಿದ. ನಾನು ವಿಜಯಿಯಾಗಿ ಇನ್ನೊಂದು ಗ್ಲಾಸು ಬಗ್ಗಿಸಿಕೊಳ್ಳಲು ಜಗ್ಗು ಎತ್ತಿದರೆ ಅದು ಖಾಲಿ. ನಾವು ರುಚಿಯನ್ನು ವರ್ಣಿಸುವಷ್ಟರಲ್ಲಿ ಅಕ್ಕತಂಗಿಯರು ಹರಟುತ್ತ ಅದನ್ನು ಕುಡಿದು ಮುಗಿಸಿದ್ದರು.

"ಹೇಗಿತ್ತು?" ಎಂದು ಪ್ರಸನ್ನ ದೀನನಾಗಿ ಕೇಳಿದ.

"ಚೆನ್ನಾಗಿತ್ತಪ್ಪ," ಎಂದಳು ಉಮಾ. ಶೈಲಾ ಕಡಲೆಬೀಜ ಬಾಯಿಗೆ ಹಾಕಿಕೊಂಡು ತಲೆಯಾಡಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಹೊಗಳಿಕೆಗಾಗಿ ಕಾದೆ. "ಶೈಲಾ ಮುಖ ನೋಡ್ಬೇಕಿತ್ತು," ಎಂದು ಉಮಾ ನಕ್ಕಳು. ನಾನು ಉಬ್ಬಿದೆ. ಆಮೇಲೆ ಅವಳು ಮೆಲ್ಲಗೆ ಕೇಳಿದಳು: "ಅಲ್ಲಾ ರೀ, ಆ ಗ್ಲಾಸಲ್ಲಿ ನಿಂಬೆ ಹೂವಿನ ವಾಸನೆ ಬಂತು ನಿಮ್ಗೆ. ಬೆಳಿಗ್ಗೆಯಿಂದ ಪಕ್ಕದಲ್ಲೇ ಮಲ್ಲಿಗೆ ಮುಡ್ಕೊಂಡು ಕೂತಿದೀನಿ, ಅದು ಬರ್ಲಿಲ್ವಾ?"

ನಾನು ತಕ್ಷಣ ಅವಳ ಜಡೆಯತ್ತ ವಾಲಿ ದೀರ್ಘವಾಗಿ ಉಸಿರೆಳೆದೆ. ಹಿಂದಿನ ಸೀಟಿನವರು ಕೆಮ್ಮಿದರು.

"ಸಾಕು ಬಿಡ್ರೀ, ಆಗ್ಲೇ ಬಾಡಿದೆ," ಎಂದಳು.

ಬಾಡಿದ ವಾಸನೆಯೂ ನನಗೆ ಬಂದಿರಲಿಲ್ಲ. ಆದರೂ ತಜ್ಞನ ಗತ್ತಿನಿಂದ ಹೌದೆಂದು ತಲೆಯಾಡಿಸಿದೆ.